ಗೋಡೆಯ ಮೇಲಿನ ಕೆಂಪು ಪಟ್ಟೆ

ಊಟಕ್ಕೆ ಕೂತಾಗ ಜಗಳ ಮಾಡಬಾರದು ಎಂದು ಅಜ್ಜಿ ಹೇಳುತ್ತಲೇ ಇದ್ದಳು. ಆದರೆ ಮನೆಯವರೆಲ್ಲ ಒಟ್ಟಿಗೆ ಸಿಗುತ್ತಿದ್ದುದೇ ಊಟಕ್ಕೆ ಕೂತಾಗ. ಹಾಗಾಗಿ ಆ ಮನೆಯ ಜಗಳಗಳೆಲ್ಲ ತಟ್ಟೆಯ ಮುಂದೆಯೇ ನಡೆಯುತ್ತಿದ್ದವು. ಆರಿದ ಅನ್ನ ತಿಂದು ಎಲ್ಲರಿಗೂ ಅಭ್ಯಾಸವಾಗಿತ್ತು.

ಆ ದಿನ ಅಜ್ಜಿಯ ಮಗಳು ಕೈ ತೊಳೆದು ಬಂದು ಕೂತವಳು ಅನ್ನಕ್ಕೆ ಕೈ ಹಾಕಲಿಲ್ಲ. ಮದುವೆ ಬೇಡವೆಂದು ಅಮ್ಮನ ಜೊತೆಯಲ್ಲೇ ಉಳಿದವಳು ಆಕೆ. ಮನೆಯಲ್ಲಿ ತಮ್ಮನಿಗೂ ಅಕ್ಕ, ತಮ್ಮನ ಹೆಂಡತಿಗೂ ಅಕ್ಕ. ದೊಡ್ಡ ಲಾಂಡ್ರಿಯೊಂದರಲ್ಲಿ ಅವಳಿಗೆ ಬಟ್ಟೆ ಮಡಚುವ ಕೆಲಸ. ಆಸ್ಪತ್ರೆ, ಹೋಟೆಲುಗಳಿಂದ ಬಂದ ಹಾಸುಬಟ್ಟೆ, ಟವೆಲುಗಳು ಒಗೆದು, ಒಣಗಿ ಅವಳ ಮೇಜಿಗೆ ಬರುತ್ತಿದ್ದವು. ಅವನ್ನು ಮಡಚಿ, ಕಟ್ಟು ಕಟ್ಟಿ, ಕಟ್ಟಿಗೆ ತೂಗುಹಾಕಿದ ಚೀಟಿಯನ್ನು ಮೆಷಿನ್ನಿಗೆ ತೋರಿಸಿ ಸ್ಕ್ಯಾನ್ ಮಾಡಬೇಕು.

"ನಿನ್ನ ಟಿವಿ ಇವತ್ತು ನಮ್ಮ ಗೋಡೆ ಮೇಲೆ ಬಂತು," ಎಂದಳು ಅಕ್ಕ, ತಮ್ಮನ ಹೆಂಡತಿಗೆ.

ಸೊಸೆಯ ಮುಖ ಅರಳಿತು. "ಹಾಕಿದ್ರಾ? ಬಣ್ಣ ದೂರದಿಂದ ಗೊತ್ತಾಗುತ್ತಾ ಅಕ್ಕ?"

"ಚೆನ್ನಾಗಿ ಗೊತ್ತಾಗುತ್ತೆ. ನಾನು ಕೆಂಪು."

ಅಜ್ಜಿ ಸೌಟು ಹಿಡಿದು ನಿಂತೇ ಇದ್ದಳು. "ಕೆಂಪು ಅಂದ್ರೇನು? ಒಳ್ಳೇದಾ, ಕೆಟ್ಟದ್ದಾ?"

"ಕೆಳಗಿನಿಂದ ಮೊದಲನೆಯವಳು ಅಂತ ಅಮ್ಮ. ನನ್ನ ಹೆಸರಿನ ಮುಂದೆ ಇಷ್ಟೇ ಇಷ್ಟು ಪಟ್ಟೆ." ಅಕ್ಕ ಹೆಬ್ಬೆರಳ ಉಗುರು ತೋರಿಸಿದಳು. "ತಿಂಗಳ ಕೊನೆಗೆ ಯಾರು ಕೆಂಪಲ್ಲಿ ಇರ್ತಾರೋ ಅವರಿಗೆ ರಾತ್ರಿ ಪಾಳಿ ಅಂತೆ. ಮಾಲೀಕರು ಹೇಳಿಬಿಟ್ರು."

ಸೊಸೆ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಅಂಗಡಿ, ಗೋದಾಮು, ಲಾಂಡ್ರಿಯಂಥ ಕಡೆಗೆಲ್ಲ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿ ಅವಳ ಕೆಲಸ. ದಿನವಿಡೀ ಡೇಟಾಬೇಸಿಗೆ ಬಂದು ಬೀಳುವ ಸಾವಿರಾರು ಸಾಲುಗಳನ್ನು ಸೋಸಿ, ಮಾಲೀಕನಿಗೆ ಒಂದೇ ನೋಟಕ್ಕೆ ಅರ್ಥವಾಗುವ ಹಾಗೆ ರಿಪೋರ್ಟ್ ಮಾಡಿಕೊಡುವವಳು ಅವಳು. ಅಕ್ಕನ ಲಾಂಡ್ರಿಯ ಗೋಡೆಯ ಟಿವಿಗೂ ಅವಳೇ ಮಾಡಿದ್ದಳು. ಅವಳ ಹತ್ತಿರ ಬಂದಿದ್ದು ಕೆಲಸದವರ ನಂಬರ್‌ಗಳು ಮಾತ್ರ; ಹೆಸರು ಸೇರಿಸಿಕೊಂಡದ್ದು ಲಾಂಡ್ರಿಯವರು. ಯಾವ ನಂಬರ್ ಅಕ್ಕನದು ಎಂದು ಅವಳಿಗೆ ಗೊತ್ತಿರಲಿಲ್ಲ. ಹಸಿರು, ಹಳದಿ, ಕೆಂಪು ಪಟ್ಟೆಗಳು ಸೊಗಸಾಗಿ ಬಂದಿವೆ ಎಂದು ಆಫೀಸಿನಲ್ಲಿ ಎಲ್ಲರೂ ಹೊಗಳಿದ್ದರು.

"ಅಕ್ಕ, ನೀವು ನಿಧಾನ ಅಂತ ನಾನು ಹೇಳಲಿಲ್ಲ. ಸ್ಕ್ಯಾನ್ ಆಗಿದ್ದನ್ನ ಎಣಿಸುತ್ತೆ ಅಷ್ಟೇ. ಅದು ತಪ್ಪು ಹೇಳಲ್ಲ."

"ಹಾಗಾದ್ರೆ ನಾನು ಸೋಮಾರಿ."

"ನಾನು ಹಾಗಂದೆನಾ?"

"ನೀನು ಅನ್ನಲಿಲ್ಲ. ಗೋಡೆ ಅಂತು."

ಅಜ್ಜಿಯ ಮಗ ಲಿಫ್ಟ್ ರಿಪೇರಿ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ದಿನಕ್ಕೆ ಒಬ್ಬರನ್ನಾದರೂ ಇಳಿಸುತ್ತಿದ್ದವನು. ಮನೆಯಲ್ಲಿ ಅಕ್ಕನಿಗೂ ಹೆಂಡತಿಗೂ ನಡುವೆ ಸಿಕ್ಕಿಕೊಂಡಾಗ ಮಾತ್ರ ಅವನಿಗೇ ಇಳಿಯಲು ದಾರಿ ಇರುತ್ತಿರಲಿಲ್ಲ. "ಉಪ್ಪು ಸ್ವಲ್ಪ ಕಮ್ಮಿ ಅಲ್ವಾ?" ಎಂದ.

"ನೀನು ಸುಮ್ನೆ ತಿನ್ನು," ಎಂದರು ಇಬ್ಬರೂ.

ಅಜ್ಜಿ ಸೌಟು ಕೆಳಗಿಟ್ಟಳು. ಮಗಳು ರಾತ್ರಿ ಪಾಳಿಯಲ್ಲಿ ಮೂರು ವರ್ಷ ದುಡಿದದ್ದು ಯಾಕೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಮೊಮ್ಮಗಳು ಪುಟ್ಟಿ ಹುಟ್ಟಿದಾಗ ಸೊಸೆ ಕೆಲಸ ಬಿಡುವ ಮಾತಾಡಿದ್ದಳು. ಆಗ ಅಕ್ಕ, "ಬಿಟ್ಟರೆ ಮತ್ತೆ ಹಿಡಿಯೋದು ಕಷ್ಟ. ಹಗಲು ನಾನು ನೋಡ್ಕೋತೀನಿ," ಎಂದು ತಾನೇ ಕೇಳಿ ರಾತ್ರಿ ಪಾಳಿಗೆ ಹೋಗಿದ್ದಳು. ಅವಳಿಗೆ ಬಿಪಿ ಅಂಟಿಕೊಂಡದ್ದು ಆ ವರ್ಷಗಳಲ್ಲೇ. ಪುಟ್ಟಿ ಸ್ಕೂಲಿಗೆ ಸೇರಿದ ಮೇಲೆ ಹಗಲು ಪಾಳಿ ಸಿಕ್ಕಿ, ಈಗಷ್ಟೇ ಮುಖಕ್ಕೆ ಕಳೆ ಬಂದಿತ್ತು. ಮತ್ತೆ ರಾತ್ರಿ ಪಾಳಿಗೆ ಹಾಕಿದರೆ ಕೆಲಸವನ್ನೇ ಬಿಡಬೇಕು ಎಂದು ಡಾಕ್ಟರು ಮೊದಲೇ ಹೇಳಿಟ್ಟಿದ್ದರು.

ಮಾರನೆಯ ದಿನದಿಂದ ಇಬ್ಬರ ನಡುವೆ ಮಾತು ಅಡುಗೆಮನೆಗೆ ಬೇಕಾದಷ್ಟೇ ಉಳಿಯಿತು. "ಹಾಲು ಉಕ್ಕುತ್ತೆ." "ನೋಡ್ದೆ." "ಪುಟ್ಟಿ ಬಾಟಲಿ ತೊಳೆದಿಲ್ಲ." "ತೊಳೀತೀನಿ." ಅಜ್ಜಿಗೆ ಇದು ಜಗಳಕ್ಕಿಂತ ಕಷ್ಟವಾಯಿತು.

"ಬೈದಾಡ್ಕೊಳ್ಳಿ ಅತ್ಲಾಗೆ," ಎಂದಳು ಒಂದು ಬೆಳಿಗ್ಗೆ. "ಈ ಮನೆಯಲ್ಲಿ ಫ್ರಿಜ್ಜು ಒಂದೇ ಮಾತಾಡೋ ಹಾಗಾಗಿದೆ."

ಎರಡನೆಯ ವಾರ ಸೊಸೆ ಆಫೀಸಿನಲ್ಲಿ ಆ ರಿಪೋರ್ಟನ್ನು ಮತ್ತೆ ಬಿಚ್ಚಿ ಕೂತಳು. ತನ್ನ ಲೆಕ್ಕ ಸರಿಯಾಗಿದೆ ಎಂದು ತೋರಿಸುವುದೇ ಅವಳ ಉದ್ದೇಶವಾಗಿತ್ತು. ಪಟ್ಟೆಗಳನ್ನು ಬಿಟ್ಟು ಅವುಗಳ ಹಿಂದಿನ ಸಾಲುಗಳಿಗೆ ಹೋದಳು. ಯಾವ ಕಟ್ಟು, ಯಾವ ಹೊತ್ತು, ಯಾರ ನಂಬರ್. ಒಂದಷ್ಟು ಹೊತ್ತು ನೋಡುತ್ತಾ ಹೋದವಳಿಗೆ ಕಣ್ಣುಜ್ಜಿಕೊಳ್ಳಬೇಕು ಅನ್ನಿಸಿತು. ಹಸಿರು ಪಟ್ಟೆಯ ತುದಿಯಲ್ಲಿದ್ದ ನಂಬರ್ ಊಟದ ಹೊತ್ತಿನಲ್ಲೂ ಕಟ್ಟು ಕಟ್ಟುತ್ತಿತ್ತು. ಒಂದು ಕಟ್ಟು ಮುಗಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮುಗಿಸುತ್ತಿತ್ತು. ಮರುದಿನ ಅದೇ ನಂಬರ್ ಹಳದಿಗೆ ಬಿದ್ದು, ಬೇರೊಂದು ನಂಬರಿಗೆ ಅದೇ ಅವಸರ ಬಂದಿತ್ತು. ಹತ್ತು ಕೈ ಇದ್ದವರು ಮಾತ್ರ ಮಾಡಬಹುದಾದ ಕೆಲಸ ಅದು.

ಹೊಸ ಸಾಫ್ಟ್‌ವೇರ್ ಹೇಗೆ ನಡೆಯುತ್ತಿದೆ ಎಂದು ನೋಡಿ ಬರುವ ನೆಪ ಹೇಳಿ, ಒಂದು ಬೆಳಿಗ್ಗೆ ಅವಳು ಲಾಂಡ್ರಿಗೇ ಹೋದಳು. ಅಕ್ಕನಿಗೆ ಹೇಳಿರಲಿಲ್ಲ.

ಒಳಗೆ ಹೆಜ್ಜೆ ಇಟ್ಟರೆ ಸೋಪಿನ ವಾಸನೆ, ಬಿಸಿ ಹಬೆ, ಒಗೆಯುವ ಮೆಷಿನ್‌ಗಳ ಗುಡುಗು. ಮಡಚುವ ಮೇಜುಗಳ ಪಕ್ಕದಲ್ಲಿ ಸ್ಕ್ಯಾನ್ ಮಾಡುವ ಮೆಷಿನ್ ಒಂದೇ ಒಂದು. ಮೊದಲು ಬಂದ ಹೆಂಗಸು ಸೆರಗಿನಿಂದ ಅದರ ಗಾಜು ಒರೆಸಿ, ಬೆರಳು ಒರೆಸಿ, ನಂಬರ್ ಒತ್ತಿದಳು. ಹಬೆಯ ಪಸೆಗೆ ಬೆರಳು ತಾಗಿದ್ದು ಗಾಜಿಗೆ ಗೊತ್ತಾಗಲಿಲ್ಲ. ಮತ್ತೆ ಒರೆಸಿದಳು, ಮತ್ತೆ ಒತ್ತಿದಳು. ಕೊನೆಗೆ ಮೆಷಿನ್ ತೆರೆದುಕೊಂಡಿತು. ಅಷ್ಟೇ. ಆಮೇಲೆ ಬಂದವರು ಯಾರೂ ತಮ್ಮ ನಂಬರಿನ ಗೊಡವೆಗೆ ಹೋಗಲಿಲ್ಲ. ತಂತಮ್ಮ ಕಟ್ಟು ತಂದರು, ತೆರೆದಿದ್ದ ನಂಬರಿನ ಮೇಲೇ ತೋರಿಸಿದರು, ಹೋದರು. ಮೆಷಿನ್ ತಾನಾಗಿ ಮುಚ್ಚಿಕೊಂಡರೆ ಹತ್ತಿರ ಇದ್ದವಳು ಬೈದುಕೊಂಡು ತನ್ನ ನಂಬರ್ ಒತ್ತುತ್ತಿದ್ದಳು. ಯಾರು ಮೊದಲು ಬಂದರೋ ಅವರು ಆ ದಿನ ಹಸಿರು.

ಎಲ್ಲರಿಗಿಂತ ಕೊನೆಗೆ ಅಕ್ಕ ಬಂದಳು, ಏದುಸಿರು ಬಿಡುತ್ತಾ. ದಿನವೂ ಅವಳು ಬರುವುದು ಕೊನೆಗೇ. ಮೇಸ್ತ್ರಿಗೆ ಹೇಳಿ ಒಪ್ಪಿಸಿಕೊಂಡಿದ್ದಳು, ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು ಬರಬೇಕಲ್ಲ.

ಸೊಸೆ ಹಬೆಯಲ್ಲಿ ನಿಂತೇ ಇದ್ದಳು. ತನ್ನ ಮಗಳ ಕೈ ಹಿಡಿದು ನಡೆದದ್ದಕ್ಕೆ ಅಕ್ಕ ಕೆಂಪಾಗಿದ್ದಳು. ಆ ಬಣ್ಣ ಹಚ್ಚಿದವಳು ತಾನು.

ಅಕ್ಕ ಅವಳನ್ನು ಕಂಡಳು. ಗುರುತಿಲ್ಲದವರ ಹಾಗೆ ಮೇಜಿನ ಕಡೆ ತಿರುಗಿ ಹಾಸುಬಟ್ಟೆ ಒದರಿದಳು.

ಸಂಜೆ ಅಕ್ಕ ಚಪ್ಪಲಿ ಬಿಡುವ ಮೊದಲೇ ಸೊಸೆ ಕೇಳಿದಳು, "ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅಕ್ಕ. ಪ್ರತಿ ಕಟ್ಟಿಗೂ ಅವರವರ ನಂಬರ್ ಕೇಳೋ ಹಾಗೆ ಮಾಡಿದ್ರೆ ನಾಳೆಯೇ ನಿಮ್ಮ ಪಟ್ಟೆ ಮೇಲೆ ಬರುತ್ತೆ."

"ಅದಕ್ಕೇ ಹೇಳಲಿಲ್ಲ."

"ಅಂದ್ರೆ?"

ಅಕ್ಕ ಕುರ್ಚಿ ಎಳೆದು ಕೂತಳು. "ಪಿನ್ನಮ್ಮನ್ನ ನೋಡಿದೆಯಾ? ರವಿಕೆಗೆ ಸಾಲಾಗಿ ಪಿನ್ನು ಚುಚ್ಕೊಂಡಿರ್ತಾಳಲ್ಲ, ಅವಳು. ಮಣಿಕಟ್ಟು ಊದಿಕೊಂಡಿದೆ. ನಾನು ಮೂರು ಕಟ್ಟುವಷ್ಟರಲ್ಲಿ ಒಂದು ಕಟ್ತಾಳೆ. ನೀನು ಸರಿಯಾಗಿ ಎಣಿಸಿದ್ರೆ ನಾನು ಹಸಿರಾಗ್ತೀನಿ, ಅವಳು ಕೆಂಪಾಗ್ತಾಳೆ. ಕತ್ತಲಾದ್ರೆ ಅವಳಿಗೆ ಕಣ್ಣೂ ಸರಿಯಾಗಿ ಕಾಣಲ್ಲ. ರಾತ್ರಿ ಪಾಳಿ ಅಂದ್ರೆ ಅವಳು ಮನೆಗೇ."

"ಅವಳಿಗೋಸ್ಕರ ನೀನು ಕೆಲಸ ಬಿಡ್ತೀಯಾ?" ಅಜ್ಜಿ ಒಳಗಿನಿಂದ ಕೇಳಿದಳು. ದನಿ ಏರಿತ್ತು. "ಡಾಕ್ಟರು ಹೇಳಿದ್ದು ಮರೆತುಹೋಯ್ತಾ? ಊರಿಗೆಲ್ಲ ಉಪಕಾರ ಮಾಡೋಕೆ ನಿನ್ನನ್ನೇ ಹೆತ್ತೆನಾ ನಾನು?"

"ನೀನೇ ಅಲ್ವಾ ಅಮ್ಮ ಕಲಿಸಿದ್ದು?"

"ಕಲಿಸಿದ್ದನ್ನೆಲ್ಲ ಮಾಡು ಅಂದಿದ್ದೆನಾ?"

ಮಗ ಅಷ್ಟರಲ್ಲಿ ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ನಿಂತ. ಒಳಗೆ ಬರುವುದೋ, ಇನ್ನೊಂದು ಸುತ್ತು ಹೊಡೆದು ಬರುವುದೋ ಎಂದು ಯೋಚಿಸಿದ. "ಟೀ ಮಾಡ್ಲಾ?" ಎಂದ. ಯಾರೂ ಬೇಡ ಅನ್ನಲಿಲ್ಲ, ಅದೇ ದೊಡ್ಡದು.

ಸೊಸೆ ಅಕ್ಕನ ಎದುರು ಕೂತಳು. "ಹಾಗಾದ್ರೆ ನಾನೇನು ಮಾಡ್ಲಿ ಹೇಳಿ. ಹಾಗೇ ಬಿಟ್ರೆ ನೀವು ಹೋಗ್ತೀರಿ. ಸರಿಮಾಡಿದ್ರೆ ಅವರು ಹೋಗ್ತಾರೆ."

"ನಂಗೇನು ಗೊತ್ತು? ನಿನ್ನ ಕೆಲಸ ನೀನು ನೋಡ್ಕೋ. ನಂದು ಮಡಚೋದು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಗ ಟೀ ತಂದಿಟ್ಟ. ಸಕ್ಕರೆ ಹಾಕುವುದನ್ನು ಮರೆತಿದ್ದ. ಎಲ್ಲರೂ ಹಾಗೆಯೇ ಕುಡಿದರು.

ಮಾರನೆಯ ದಿನ ಸೊಸೆ ತನ್ನ ಮೇಲಿನವನ ಬಳಿ ಹೋದಳು. "ಈ ರಿಪೋರ್ಟ್ ತಪ್ಪು ಅರ್ಥ ಕೊಡ್ತಾ ಇದೆ ಸರ್."

"ಅವರು ಕೇಳಿದ್ದೇ ಅದು. ಯಾರು ಎಷ್ಟು ಮಡಚಿದರು ಅಂತ. ನಾವು ಕೊಟ್ವಿ, ಅವರು ಒಪ್ಕೊಂಡ್ರು. ಇನ್ಯಾಕೆ ಕೆದಕ್ತೀರಿ?"

"ಅವರು ಹಾಗೇ ಕೇಳಿದ್ರಾ?"

"ಮಾರಾಟದವರು ಹಾಗೆ ಬರ್ಕೊಂಡು ಬಂದ್ರು."

ಅವಳು ಒಂದು ದಿನ ಯೋಚಿಸಿದಳು. ಆಮೇಲೆ ಲಾಂಡ್ರಿಯ ಮಾಲೀಕನಿಗೆ ತಾನೇ ಫೋನ್ ಮಾಡಿದಳು. ಮೊದಲ ಮಾತಿಗೇ ಹೇಳಿಬಿಟ್ಟಳು, "ನನ್ನ ಗಂಡನ ಅಕ್ಕ ನಿಮ್ಮಲ್ಲಿ ಕೆಲಸ ಮಾಡ್ತಾರೆ ಸರ್. ಅದನ್ನ ಮುಚ್ಚಿಟ್ಟು ಮಾತಾಡೋದು ಸರಿಯಲ್ಲ ಅಂತ ಮೊದಲೇ ಹೇಳ್ತಿದ್ದೀನಿ. ಈಗ ಒಂದು ಪ್ರಶ್ನೆ. ನಿಮಗೆ ನಿಜವಾಗಿ ಗೊತ್ತಾಗಬೇಕಾಗಿದ್ದು ಏನು?"

ಆ ಕಡೆ ಮೆಷಿನ್ ಸದ್ದಿನ ನಡುವೆ ಮಾಲೀಕ ದನಿ ಏರಿಸಿದ. "ಏನಮ್ಮ ಗೊತ್ತಾಗೋದು? ಆಸ್ಪತ್ರೆಗೆ ಮಧ್ಯಾಹ್ನದ ಒಳಗೆ ಕಟ್ಟು ಹೋಗಬೇಕು. ದಿನಾ ತಡ. ದಿನಾ ಅವರ ಹತ್ರ ಬೈಸ್ಕೋತೀನಿ. ಯಾಕೆ ತಡ ಆಗ್ತಿದೆ ಅಂತ ತಿಳೀಬೇಕು. ನಿಮ್ಮ ಕಡೆಯವರು ಬಂದು ಯಾರು ನಿಧಾನ ಅಂತ ತೋರಿಸ್ತೀವಿ ಅಂದ್ರು. ತೋರಿಸಿ ಅಂದೆ."

"ನಂಗೆ ಒಂದು ವಾರ ಕೊಡಿ. ಯಾಕೆ ತಡ ಅಂತ ತೋರಿಸ್ತೀನಿ. ಅಲ್ಲಿವರೆಗೆ ಯಾರನ್ನೂ ಪಾಳಿ ಬದಲಿಸಬೇಡಿ."

"ತಿಂಗಳ ಕೊನೆ ಅಂದಿದ್ದೀನಿ. ಅದಕ್ಕಿಂತ ಒಂದು ದಿನ ಮುಂದಕ್ಕೆ ಹೋಗಲ್ಲ ನಾನು," ಎಂದ ಮಾಲೀಕ.

ಆಫೀಸಿನಲ್ಲಿ ಇದಕ್ಕೆ ಹೊತ್ತು ಸಿಗುವ ಹಾಗಿರಲಿಲ್ಲ. ರಜೆಯ ದಿನ ಊಟದ ಮೇಜೇ ಕೆಲಸದ ಮೇಜಾಯಿತು. ಅಜ್ಜಿ ಪುಟ್ಟಿಯನ್ನು ಕರೆದುಕೊಂಡು ಪಾರ್ಕಿಗೆ ಹೋದಳು. ಮಗ ಅಡುಗೆಗೆ ನಿಂತ. ಸೊಸೆ ಅಕ್ಕನನ್ನು ಬಲವಂತದಿಂದ ಎದುರಿಗೆ ಕೂರಿಸಿಕೊಂಡಳು.

"ಬಟ್ಟೆ ಗಾಡಿಯಿಂದ ಇಳಿದಾಗಿನಿಂದ ಹೇಳಿ. ಒಂದೂ ಬಿಡಬೇಡಿ."

"ಹೇಳೋದೇನು, ತೋರಿಸ್ತೀನಿ." ಅಕ್ಕ ಚಮಚ, ಲೋಟ, ತಟ್ಟೆಗಳನ್ನು ಸಾಲಾಗಿ ಇಟ್ಟಳು. "ಇದು ಗಾಡಿ. ಇದು ಒಗೆಯೋದು. ಇಲ್ಲಿಂದ ಟ್ರಾಲಿ ಹೊರಟು ಡ್ರೈಯರಿಗೆ ಬರುತ್ತೆ, ಈ ಪಾತ್ರೆ ಅನ್ಕೋ. ಆಮೇಲೆ ನಮ್ಮ ಮೇಜು."

"ಆ ಪಾತ್ರೆ ನಂಗೆ ಬೇಕು," ಎಂದ ತಮ್ಮ ಒಲೆಯ ಮುಂದಿನಿಂದ.

"ಡ್ರೈಯರ್ ನಡೀತಾ ಇದೆ, ಕೊಡೋಕಾಗಲ್ಲ."

ಸೊಸೆ ನಕ್ಕಳು. ಎರಡು ವಾರದಲ್ಲಿ ಮೊದಲ ಸಲ. ಆಮೇಲೆ ಲ್ಯಾಪ್‌ಟಾಪಿಗೆ ತಿರುಗಿದಳು. ಟ್ರಾಲಿಗಳು ಪ್ರತಿ ಬಾಗಿಲಲ್ಲೂ ಸ್ಕ್ಯಾನ್ ಆಗುತ್ತಿದ್ದವು. ಆ ಸಾಲುಗಳು ಡೇಟಾಬೇಸಿನಲ್ಲಿ ಮೊದಲಿನಿಂದ ಇದ್ದವು, ಯಾರೂ ಅವನ್ನು ಏನೂ ಕೇಳಿರಲಿಲ್ಲ. ಈಗ ಅವಳು ಕೇಳಿದಳು. ಯಾವ ಟ್ರಾಲಿ ಎಲ್ಲಿ ಎಷ್ಟು ಹೊತ್ತು ಕಾಯಿತು? ಮೊದಲು ಬಂದ ಉತ್ತರ ನಂಬುವ ಹಾಗಿರಲಿಲ್ಲ. ಟ್ರಾಲಿಗಳು ಮುಂದಿನ ಬಾಗಿಲಿಗೆ ಮೊದಲು ಹೋಗಿ ಹಿಂದಿನದಕ್ಕೆ ಆಮೇಲೆ ಬಂದ ಹಾಗೆ ತೋರಿಸಿತು. ಹಿಂದಿನ ದಿನದ ಟ್ರಾಲಿಯೂ ಇವತ್ತಿನದೂ ಒಂದೇ ಚೀಟಿ ಹೊತ್ತಿದ್ದವು. ಅವನ್ನು ಬಿಡಿಸುವಷ್ಟರಲ್ಲಿ ಆಲೂಗಡ್ಡೆ ಸೀದ ವಾಸನೆ ಬಂತು.

"ಏನಾದ್ರೂ ಸಿಕ್ತಾ?" ಎಂದಳು ಅಕ್ಕ.

"ಮಡಚೋ ಮೇಜಿನ ಹತ್ರ ಕಾಯ್ತಾನೇ ಇಲ್ಲ ಅಕ್ಕ. ಬಂದ ತಕ್ಷಣ ಹೋಗ್ತಿದೆ. ಆಸ್ಪತ್ರೆ ಟ್ರಾಲಿಗಳು ನಿಂತಿರೋದು ಡ್ರೈಯರ್ ಮುಂದೆ. ಅಲ್ಲಿ ಏನಿರುತ್ತೆ ಬೆಳಿಗ್ಗೆ?"

ಅಕ್ಕ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "ಹೋಟೆಲಿನ ಟವೆಲು. ಅವರ ಗಾಡಿ ಮೊದಲು ಬರುತ್ತೆ. ಮೊದಲು ಬಂದದ್ದು ಮೊದಲು ಒಳಗೆ, ಅದು ಮಾಲೀಕರದೇ ಕಟ್ಟಪ್ಪಣೆ."

"ಟವೆಲು ದಪ್ಪ. ಒಣಗೋಕೆ ಹೊತ್ತು ಬೇಕು."

"ಹೂಂ. ಅವು ಒಣಗೋವರೆಗೂ ಆಸ್ಪತ್ರೆಯ ತೆಳು ಬಟ್ಟೆ ಸಾಲಲ್ಲಿ ನಿಂತಿರುತ್ತೆ. ನಾವು ಕೈ ಕಟ್ಟಿ ಕೂತಿರ್ತೀವಿ." ಅಕ್ಕ ಚಮಚಗಳನ್ನು ನೋಡಿದಳು. "ದಿನಾ ಕಣ್ಣೆದುರೇ ಇತ್ತು, ನೋಡು. ಹೀಗೆ ಅಂತ ಒಬ್ಬರಿಗೂ ಹೊಳೀಲಿಲ್ಲ."

"ನಂಗೂ ಹೊಳೀಲಿಲ್ಲ. ನಾನೂ ಕೇಳಲಿಲ್ಲ."

ಅಜ್ಜಿ ಪಾರ್ಕಿನಿಂದ ಬಂದಾಗ ಮೇಜಿನ ಮೇಲೆ ಸೀದ ಆಲೂಗಡ್ಡೆ ಇತ್ತು. ಅದರ ಸುತ್ತ ಕೂತು ಅಕ್ಕ ಮತ್ತು ಸೊಸೆ ಒಬ್ಬರ ಮಾತನ್ನೊಬ್ಬರು ಕತ್ತರಿಸಿ ಮಾತಾಡುತ್ತಿದ್ದರು. ಅಜ್ಜಿ ಸೀದದ್ದನ್ನು ಬದಿಗೆ ಸರಿಸಿ, ಚೆನ್ನಾಗಿ ತಿಂದಳು.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಸೊಸೆ ಮಾಲೀಕನ ಕೋಣೆಯಲ್ಲಿ ಕೂತಿದ್ದಳು. ಮೊದಲು ಹೊಸ ರಿಪೋರ್ಟ್ ತೋರಿಸಿದಳು. ಅದರಲ್ಲಿ ಹೆಸರುಗಳಿರಲಿಲ್ಲ. ಟ್ರಾಲಿಗಳಿದ್ದವು, ಅವು ಕಾಯುವ ಜಾಗಗಳಿದ್ದವು. ಡ್ರೈಯರ್ ಮುಂದಿನ ಉದ್ದನೆಯ ಪಟ್ಟೆಯನ್ನು ಮಾಲೀಕ ಬೆರಳಿನಿಂದ ಅಳೆದ.

"ಇಷ್ಟೇನಾ? ಬೆಳಿಗ್ಗೆ ಮೊದಲು ಆಸ್ಪತ್ರೆದು ಹಾಕಿದ್ರೆ ಆಯ್ತಾ?"

"ಎರಡು ದಿನ ಹಾಕಿ ನೋಡಿ. ಆಗದಿದ್ರೆ ನನ್ನನ್ನ ಕರೀರಿ."

"ಆಗಲಿ. ಇದನ್ನೂ ಹಾಕಿ, ಅದನ್ನೂ ಇಟ್ಟಿರಿ. ಯಾರು ನಿಧಾನ ಅಂತಲೂ ಗೊತ್ತಿರಲಿ."

ಸೊಸೆ ಇದಕ್ಕೇ ಕಾಯುತ್ತಿದ್ದಳು. "ಅದು ಯಾರು ನಿಧಾನ ಅಂತ ಹೇಳ್ತಿಲ್ಲ ಸರ್. ಯಾರು ಮೊದಲು ಬಂದ್ರು ಅಂತ ಹೇಳ್ತಿದೆ. ಒಬ್ಬರ ನಂಬರಲ್ಲಿ ಎಲ್ಲರ ಕಟ್ಟೂ ಹೋಗ್ತಿದೆ."

"ಹಾಗಾದ್ರೆ ಪ್ರತಿಯೊಬ್ಬರೂ ನಂಬರ್ ಒತ್ತಲಿ."

"ಒತ್ತಿಸಬಹುದು. ಒದ್ದೆ ಕೈಗೆ ಆ ಗಾಜು ಎಷ್ಟು ಬೇಗ ತೆರೆಯುತ್ತೆ ಅಂತ ನೀವೇ ಒಮ್ಮೆ ಒತ್ತಿ ನೋಡಿ. ಪ್ರತಿ ಕಟ್ಟಿಗೂ ಅಷ್ಟು ಹೊತ್ತು ಅಲ್ಲಿ ಸಾಲು ನಿಂತ್ರೆ, ಡ್ರೈಯರ್ ಹತ್ರ ಉಳಿಸಿದ್ದೆಲ್ಲ ಮೇಜಿನ ಹತ್ರ ಕಳೀತೀರಿ. ಆಸ್ಪತ್ರೆಯವರು ಮತ್ತೆ ನಿಮ್ಮನ್ನೇ ಬೈತಾರೆ."

ಮಾಲೀಕ ಎದ್ದು ಹೋದ. ಗಾಜಿನ ಮೇಲೆ ಒತ್ತಿದ. ಒರೆಸಿದ. ಮತ್ತೆ ಒತ್ತಿದ. ಹೆಂಗಸರು ಬಟ್ಟೆ ಮಡಚುವುದನ್ನು ನಿಲ್ಲಿಸದೆ ಓರೆಗಣ್ಣಲ್ಲಿ ನೋಡಿದರು. ಐದನೆಯ ಸಲಕ್ಕೆ ಅವನು ಮೆಷಿನ್ನಿಗೆ ಒಂದು ಮಾತು ಅಂದು ವಾಪಸು ಬಂದ.

"ತೆಗೆದುಬಿಡಿ ಆ ಪಟ್ಟೆಗಳನ್ನ," ಎಂದ.

"ಪಾಳಿ?"

"ಎರಡು ದಿನ ನೋಡ್ತೀನಿ ಅಂದೆನಲ್ಲ."

ಎರಡು ದಿನವೂ ಆಸ್ಪತ್ರೆಯ ಗಾಡಿ ಹೊತ್ತಿಗೆ ಸರಿಯಾಗಿ ಹೊರಟಿತು. ತಿಂಗಳ ಕೊನೆಯ ಸಂಜೆ ಗೋಡೆಯ ಮೇಲೆ ಹೊಸ ರಿಪೋರ್ಟ್ ಹಾಕಲು ಸೊಸೆ ಬಂದಾಗ ಮಾಲೀಕ ತಾನೇ ಮಡಚುವ ಮೇಜಿನ ಹತ್ತಿರ ಬಂದ. ಪಾಳಿ ಯಾರದೂ ಬದಲಾಗುವುದಿಲ್ಲ ಎಂದ. ಹೋಗುವ ಮುಂಚೆ ಸೊಸೆಯ ಕಡೆ ಕೈ ತೋರಿಸಿ, "ಆ ಪಟ್ಟೆಗಳನ್ನ ಮಾಡಿದ್ದೂ ಇವರೇ, ತೆಗೆದಿದ್ದೂ ಇವರೇ. ಈಕೆಯ ತಮ್ಮನ ಹೆಂಡತಿಯಂತೆ," ಎಂದು ಅಕ್ಕನನ್ನೂ ತೋರಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋಗಿಬಿಟ್ಟ.

ಮೇಜುಗಳ ಸುತ್ತ ಕೈಗಳು ನಿಂತವು. ಪಿನ್ನಮ್ಮ ಹತ್ತಿರ ಬಂದು ಸೊಸೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ನೀನೇನಾ ಅದು? ಅಯ್ಯೋ ತಾಯಿ, ಈ ಒಂದು ತಿಂಗಳು ಊಟದ ಹೊತ್ತಿಗೆ ನಿನ್ನನ್ನ ಬೈಯದೆ ಡಬ್ಬಿ ಬಿಚ್ಚಿಲ್ಲ ನಾವು." ಅಕ್ಕನ ಕಡೆ ತಿರುಗಿದಳು. "ಇವಳ ಬಾಯಿಂದ ಒಂದು ಮಾತು ಬಂತೇನು? ನಮ್ಮನೆ ಹುಡುಗಿ ಅಂತ ಹೇಳಬಾರದಿತ್ತಾ? ನಮಗಿಂತ ಜೋರಾಗಿ ಇವಳೇ ಬೈತಿದ್ದಳು."

"ಸುಮ್ನೆ ಕೂತಿದ್ರೆ ನಿಮಗೆ ಅನುಮಾನ ಬರ್ತಿತ್ತಲ್ಲ," ಎಂದಳು ಅಕ್ಕ, ಹಾಸುಬಟ್ಟೆಯ ಮೂಲೆ ಹೊಂದಿಸುತ್ತಾ. "ಗೊತ್ತಾಗಿದ್ರೆ ಬಂದು ಇವಳ ಜುಟ್ಟು ಹಿಡೀತಿದ್ರಿ."

ಹೆಂಗಸರೆಲ್ಲ ನಕ್ಕರು. ಸೊಸೆಯೂ ನಕ್ಕಳು. ನಗುತ್ತಿದ್ದ ಹಾಗೆ ಕಣ್ಣು ತುಂಬಿಕೊಂಡವು. ಹಬೆ ಎಂದು ಒರೆಸಿಕೊಂಡಳು.

ಇಬ್ಬರೂ ಒಟ್ಟಿಗೆ ಮನೆಗೆ ಹೊರಟರು. ಅಂಗಡಿಗಳಲ್ಲಿ ದೀಪ ಹಚ್ಚುತ್ತಿದ್ದರು. ಅಕ್ಕ ಬ್ರೆಡ್ಡು, ಮೊಟ್ಟೆ ಕೊಂಡಳು. ಚೀಲ ಸೊಸೆ ಹಿಡಿದಳು.

"ಏನಂತ ಬೈದ್ರಿ ನನ್ನನ್ನ?"

"ಅದೆಲ್ಲ ಬಾಯಲ್ಲಿ ಹೇಳೋ ಮಾತಲ್ಲ."

ಸ್ವಲ್ಪ ದೂರ ನಡೆದರು. "ಅಕ್ಕ, ನಾಳೆಯಿಂದ ಪುಟ್ಟಿಯನ್ನ ಸ್ಕೂಲಿಗೆ ನಾನೇ ಬಿಡ್ತೀನಿ. ಆಫೀಸಿಗೆ ಸ್ವಲ್ಪ ತಡವಾಗಿ ಬರ್ತೀನಿ ಅಂತ ಕೇಳಿದ್ದೀನಿ, ಒಪ್ಪಿದ್ದಾರೆ. ನೀವು ಇಷ್ಟು ವರ್ಷ ಮಾಡಿದ್ದು ಸಾಕು. ಓಡಿ ಓಡಿ ಕೆಲಸಕ್ಕೆ ಹೋಗೋದು ಬೇಡ."

ಅಕ್ಕ ನಿಂತಳು. ಸೊಸೆ ಅಂದುಕೊಂಡಿದ್ದ ಹಾಗೆ ಅವಳ ಮುಖ ಹಗುರಾಗಲಿಲ್ಲ.

"ನಾನೇನಾದ್ರೂ ಬಿಡಲ್ಲ ಅಂದೆನಾ?"

"ಇಲ್ಲ, ನಿಮಗೆ ಸುಲಭ ಆಗ್ಲಿ ಅಂತ."

"ರಾತ್ರಿ ಪಾಳಿ ಮಾಡುವಾಗ ಅವಳು ಎದ್ದಿರೋ ಹೊತ್ತಿಗೆ ನಂಗೆ ನಿದ್ದೆ. ತೊಡೆ ಮೇಲೆ ಮಲಗಿಸ್ಕೊಂಡು ನಾನೂ ತೂಕಡಿಸ್ತಿದ್ದೆ. ಮಾತು ಕಲಿತಿದ್ದೂ ಸರಿಯಾಗಿ ಕೇಳಲಿಲ್ಲ." ಅಕ್ಕ ಮತ್ತೆ ನಡೆಯತೊಡಗಿದಳು. "ಈಗ ಬೆಳಿಗ್ಗೆ ಮನೆಯಿಂದ ಆ ಗೇಟಿನವರೆಗೂ ಒಂದೇ ಸಮ ಮಾತಾಡ್ತಾಳೆ. ಉಸಿರು ತಗೊಳ್ಳಲ್ಲ. ಮೇಷ್ಟ್ರು ಬೈದಿದ್ದು, ಯಾರೋ ಪೆನ್ಸಿಲ್ ಕದ್ದಿದ್ದು, ನೀನು ಬಾತ್‌ರೂಮಲ್ಲಿ ಹಾಡೋದು, ಎಲ್ಲಾ. ಅದನ್ನ ಕೇಳ್ತಾ ಹೋಗೋದಕ್ಕೇ ನಾನು ಹಗಲು ಪಾಳಿ ಬೇಕು ಅಂತ ಇಷ್ಟು ಒದ್ದಾಡಿದ್ದು. ನೀನು ಅದನ್ನೇ ಕಿತ್ಕೊಂಡ್ರೆ ಹೇಗೆ?"

ಸೊಸೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ಆಫೀಸಲ್ಲಿ ಕೇಳಿಬಿಟ್ಟಿದ್ದೀನಲ್ಲ ಅಕ್ಕ," ಎಂದಳು.

"ಒಳ್ಳೇದೇ ಆಯ್ತು. ಆ ಹೊತ್ತಲ್ಲಿ ಅಮ್ಮನ ಜೊತೆ ಕೂತು ಟೀ ಕುಡಿ. ಅವಳಿಗೂ ಬೈಯೋಕೆ ಒಬ್ಬರು ಬೇಕು."